ತಾರೀಕು ಹೇಳುವವರು

ಆ ಪಟ್ಟಣದಲ್ಲಿದ್ದ ನಮ್ಮ ಭಾಷೆಯ ಇಪ್ಪತ್ತು ಮೂವತ್ತು ಮಂದಿಗೆ ಅವರ ನಿಜವಾದ ಹೆಸರು ಗೊತ್ತಿತ್ತೋ ಇಲ್ಲವೋ, ಎಲ್ಲರೂ ಅವರನ್ನು ಪಂಚಾಂಗದವರು ಎನ್ನುತ್ತಿದ್ದರು. ಎದುರಿಗೆ ಅಣ್ಣ, ಬೆನ್ನ ಹಿಂದೆ ಪಂಚಾಂಗದವರು. ಹಾಗಂತ ಅವರು ತಿಥಿ ನಕ್ಷತ್ರ ನೋಡುವವರಲ್ಲ. ರಾಹುಕಾಲ ಎಷ್ಟು ಹೊತ್ತಿಗೆ ಎಂದು ಕೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದರು. ಅವರ ಪಂಚಾಂಗವೇ ಬೇರೆ. ಹೊರಗಿನಿಂದ ಬಂದು ಆ ದೇಶದಲ್ಲಿ ನೆಲೆಸಿದವರೆಲ್ಲ ಮೂರು ತಿಂಗಳಿಗೊಮ್ಮೆ ವಲಸೆ ಕಚೇರಿಗೆ ಹೋಗಿ, ನಾನು ಇನ್ನೂ ಇಲ್ಲೇ ಇದ್ದೇನೆ, ಅದೇ ಮನೆಯಲ್ಲೇ ಇದ್ದೇನೆ ಎಂದು ತಿಳಿಸಿ ಬರಬೇಕಿತ್ತು. ನಮ್ಮವರು ಅದಕ್ಕೆ ಹಾಜರಿ ಎಂದು ಹೆಸರಿಟ್ಟಿದ್ದರು. ಒಮ್ಮೆ ತಪ್ಪಿದರೆ ದಂಡ, ಮತ್ತೆ ತಪ್ಪಿದರೆ ವಿಚಾರಣೆ, ಆಮೇಲೂ ಬುದ್ಧಿ ಬರದಿದ್ದರೆ ಗಂಟುಮೂಟೆ ಕಟ್ಟುವುದೇ. ಯಾರ ಹಾಜರಿ ಯಾವತ್ತು, ಯಾರ ಪಾಸ್‌ಪೋರ್ಟ್ ಮುಗಿಯುತ್ತಾ ಬಂತು, ಯಾರು ಮನೆ ಬದಲಿಸಿ ತಿಳಿಸದೆ ಆರಾಮಾಗಿ ಕೂತಿದ್ದಾರೆ ಎಂಬುದೆಲ್ಲ ಪಂಚಾಂಗದವರ ನಾಲಿಗೆಯ ತುದಿಯಲ್ಲಿರುತ್ತಿತ್ತು.

ಹೇಳುವ ರೀತಿಯೂ ಅವರದೇ. ಹಲೋ ಇಲ್ಲ, ಚೆನ್ನಾಗಿದ್ದೀರಾ ಇಲ್ಲ. "ಬುಧವಾರ, ಹದಿನಾಲ್ಕನೇ ತಾರೀಕು. ಎರಡು ಫೋಟೋ. ಬೇಗ ಹೋಗಿ, ಕ್ಯೂ ಇರತ್ತೆ." ಆ ಕಡೆಯವರು ಆಯ್ತಣ್ಣ ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿರುತ್ತಿತ್ತು. ಹೊಸದಾಗಿ ಬಂದವರು ಮೊದಲ ಸಲ ಮುಖ ಊದಿಸಿಕೊಳ್ಳುತ್ತಿದ್ದರು, ಈ ಮನುಷ್ಯನಿಗೆ ಏನು ಗತ್ತಪ್ಪಾ ಎಂದು. ಒಂದು ಹಾಜರಿ ತಪ್ಪಿಸಿಕೊಂಡು ಕಚೇರಿಯಲ್ಲಿ ತಲೆ ತಗ್ಗಿಸಿ ನಿಂತು ಬಂದ ಮೇಲೆ ಅದೇ ಫೋನಿಗೆ ಕಾಯುತ್ತಿದ್ದರು.

ಲಾರಿ ಓಡಿಸುವ ನಮ್ಮವನೊಬ್ಬನಿದ್ದ. ಎಲ್ಲರಿಗೂ ಅವನು ಡ್ರೈವರ್, ಬಾಯಿ ತೆರೆದರೆ ಮುಚ್ಚುವ ಜಾತಿಯವನಲ್ಲ. ಅವನು ಒಮ್ಮೆ ಹೇಳಿದ, "ಅಣ್ಣಾ, ನನ್ನ ಒಡಹುಟ್ಟಿದ ತಮ್ಮ ವರ್ಷಕ್ಕೊಂದು ಫೋನ್ ಮಾಡಲ್ಲ. ನೀವು ಹಾಜರಿಗೆ ಅಂತಾದ್ರೂ ಮಾಡ್ತೀರಿ. ನನ್ನ ನೆನಪು ಒಬ್ರಿಗಾದ್ರೂ ಇದೆಯಲ್ಲ ಅನ್ಸತ್ತೆ." ಪಂಚಾಂಗದವರು ಹ್ಞೂಂ ಎಂದರು, ಅಷ್ಟೇ. ಆದರೆ ಆ ಮಾತು ಅವರಿಗೆ ಹಿತವಾಗಿತ್ತು. ಪ್ರೀತಿ ಇದ್ದವರು ತಾರೀಕು ನೆನಪಿಟ್ಟುಕೊಳ್ಳುತ್ತಾರೆ, ನೆನಪಿಟ್ಟುಕೊಂಡು ಹೇಳುತ್ತಾರೆ, ಅದಕ್ಕಿಂತ ಬೇರೆ ಮಾತೇಕೆ ಎಂದು ಅವರು ಮೊದಲಿನಿಂದಲೂ ತಿಳಿದಿದ್ದರು. ಈಗ ಅದಕ್ಕೊಂದು ಸಾಕ್ಷಿಯೂ ಸಿಕ್ಕಂತಾಯಿತು.

ಹೊಟ್ಟೆಪಾಡಿಗೆ ಅವರು ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದರು. ಪಟ್ಟಣದ ದಂತವೈದ್ಯರು ಹಲ್ಲಿಲ್ಲದವರ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿ ಹಾಕಿ ಕಳಿಸುವರು. ಇವರು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸ್ ಕಳಿಸುವರು. ಒಂದು ಉದ್ದ ಮೇಜು, ತಲೆಯ ಮೇಲೊಂದು ದೀಪ, ಕಿವಿ ತಿನ್ನುವ ಮೋಟಾರು, ಎಲ್ಲದರ ಮೇಲೂ ಕೂತ ಬಿಳಿ ಧೂಳು. ಯಾರು ಎಡಗಡೆಯಲ್ಲೇ ಅಗಿಯುತ್ತಾರೆ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂಬುದು ಅಚ್ಚು ನೋಡಿದರೆ ಗೊತ್ತಾಗುತ್ತಿತ್ತು. ಆ ಬಾಯಿಯ ಮನುಷ್ಯ ಮಾತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಪಟ್ಟಣದ ಅರ್ಧ ಮುದುಕರು ಇವರು ಕೊಟ್ಟ ಹಲ್ಲಿನಲ್ಲಿ ನಗುತ್ತಿದ್ದರು, ಯಾರೊಬ್ಬರೂ ಇವರನ್ನು ನೋಡಿ ನಕ್ಕವರಲ್ಲ. ಪಕ್ಕದ ಮೇಜಿನವನು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂರುತ್ತಿದ್ದ. ಬೆಳಿಗ್ಗೆ ಒಂದು ನಮಸ್ಕಾರ, ಸಂಜೆ ಒಂದು ನಮಸ್ಕಾರ, ಅದೂ ಆ ದೇಶದ ಭಾಷೆಯಲ್ಲಿ.

ಮನೆಗೆ ಬಂದರೆ ಹೆಂಡತಿ ಇದ್ದಳು. ಇದ್ದಳು ಎನ್ನುವುದನ್ನು ಒತ್ತಿ ಹೇಳಬೇಕು, ಏಕೆಂದರೆ ಈ ಕಥೆ ಶುರುವಾಗುವ ಹೊತ್ತಿಗೆ ಆಕೆ ಅಲ್ಲಿ ಇರಲಿಲ್ಲ.

ಆಕೆ ಆ ದೇಶಕ್ಕೆ ಬಂದು ಹನ್ನೆರಡು ವರ್ಷ ಕಳೆದಿತ್ತು. ಮಗಳು ಊರಿನಲ್ಲಿ ಅಜ್ಜಿಯ ಮನೆಯಲ್ಲಿ ಓದಿ, ಅಲ್ಲೇ ಮದುವೆಯಾಗಿ ನೆಲೆ ನಿಂತಳು. ಇಲ್ಲಿ ಗಂಡ ಹೆಂಡತಿ ಇಬ್ಬರೇ. ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಯ ಮೂಲೆ, ಬೀದಿ ಕಾಣುವ ಒಂದು ಕಿಟಕಿ. ಗಂಡ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಆ ದೇಶದ ಭಾಷೆ ಆಕೆಗೆ ಹತ್ತಲಿಲ್ಲ. ಕೆಳಗಿನ ಅಂಗಡಿಯಲ್ಲಿ ಬೆರಳು ತೋರಿಸಿ ತರಕಾರಿ ತರುವುದನ್ನು ಕಲಿತಳು, ಅಷ್ಟಕ್ಕೇ ನಿಂತಿತು. ಮಧ್ಯಾಹ್ನ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬಸ್ಸಿಗೆ ಹತ್ತುವವರನ್ನೂ ಇಳಿಯುವವರನ್ನೂ ನೋಡುತ್ತಾ, ಅವರ ಬಗ್ಗೆ ತಾನೇ ಕಥೆ ಕಟ್ಟಿಕೊಂಡು, ಸಂಜೆ ಗಂಡನಿಗೆ ಹೇಳುತ್ತಿದ್ದಳು. "ಆ ಕೆಂಪು ಕೋಟಿನವಳು ಇವತ್ತು ಒಬ್ಳೇ ಬಂದ್ಲು ರೀ. ಜಗಳ ಆಗಿರಬೇಕು." ಪಂಚಾಂಗದವರು ಹ್ಞೂಂ ಎಂದು ಅನ್ನ ಕಲಸುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅವರು ಎಷ್ಟು ಹ್ಞೂಂ ಹೇಳಿರಬಹುದು ಎಂದು ಲೆಕ್ಕ ಹಾಕಲು ಅವರಿಗೂ ಆಗುತ್ತಿರಲಿಲ್ಲ.

ಆಕೆಗೆ ಸಂಭ್ರಮ ಎಂದರೆ ಹಾಜರಿಯ ದಿನ. ಅವತ್ತು ಇಬ್ಬರೂ ಜೊತೆಗೆ ಹೋಗಲೇಬೇಕು, ಗಂಡ ಕೆಲಸಕ್ಕೆ ಅರ್ಧ ದಿನ ರಜೆ ಹಾಕಲೇಬೇಕು. ಹಿಂದಿನ ದಿನವೇ ಒಳ್ಳೆಯ ಸೀರೆ ತೆಗೆದಿಟ್ಟು, ತಲೆಗೆ ಸ್ನಾನ ಮಾಡಿ, ಮದುವೆ ಮನೆಗೆ ಹೊರಟವಳಂತೆ ಹೊರಡುತ್ತಿದ್ದಳು. ಕಚೇರಿಯಲ್ಲಿ ಚೀಟಿ ಹಿಡಿದು ಕೂತಿದ್ದಷ್ಟೂ ಹೊತ್ತು ಸುತ್ತಮುತ್ತಲ ಜನರನ್ನು ನೋಡುತ್ತಾ, ಗಂಡನ ತೋಳು ತಿವಿಯುತ್ತಾ, ಪಿಸುಮಾತಿನಲ್ಲಿ ನಗುತ್ತಿದ್ದಳು. ಕೌಂಟರಿನಲ್ಲಿ ಕೂತ ಹೆಂಗಸು ಆಕೆಯ ಮುಖ ನೋಡಿ, ಫೋಟೋ ನೋಡಿ, ಮುದ್ರೆ ಒತ್ತಿದಾಗ ಪರೀಕ್ಷೆ ಪಾಸಾದವಳಂತೆ ಹಿಗ್ಗುತ್ತಿದ್ದಳು. ಆಮೇಲೆ ಎದುರಿನ ಅಂಗಡಿಯಲ್ಲಿ ಕಾಗದದ ಲೋಟದಲ್ಲಿ ಕಾಫಿ. ಪಂಚಾಂಗದವರಿಗೆ ಇದೆಲ್ಲ ಒಂದು ಕೆಲಸ ಮುಗಿಯಿತು ಎಂಬ ನಿರಾಳ, ಅಷ್ಟೇ. ಹೆಂಡತಿಗೆ ಮೂರು ತಿಂಗಳಲ್ಲಿ ಅದೊಂದೇ ದಿನ ಗಂಡ ಪೂರ್ತಿ ಪಕ್ಕದಲ್ಲಿ ಕೂತಿರುವ ದಿನ ಎಂಬುದು ಅವರಿಗೆ ಹೊಳೆದಿರಲಿಲ್ಲ. ಹೊಳೆದದ್ದು ಆಕೆ ಹೋದ ಮೇಲೆ, ಒಬ್ಬರೇ ಚೀಟಿ ಹಿಡಿದು ಅದೇ ಕುರ್ಚಿಯಲ್ಲಿ ಕೂತಾಗ. ಅವತ್ತು ಕಾಫಿಯನ್ನೂ ಕುಡಿಯದೆ ನೆಟ್ಟಗೆ ಕೆಲಸಕ್ಕೆ ಹೋದರು.

ಆಕೆ ಹೋದದ್ದು ಮಗಳ ಬಾಣಂತನಕ್ಕೆ. ಹೆರಿಗೆಗೆ ಮಗಳು ತವರಿಗೆ ಬರುವುದು ರೂಢಿ. ಇಲ್ಲಿ ತವರೇ ವಿಮಾನ ಹತ್ತಿ ಮಗಳ ಮನೆಗೆ ಹೊರಟಿತು. ಹೊರಡುವ ಮುಂಚೆ ಪಂಚಾಂಗದವರು ಆಕೆಗೆ ರೀ-ಎಂಟ್ರಿ ಮಾಡಿಸಿಕೊಟ್ಟರು. ಅದು ಮರಳಿ ಬರಲು ಕೊಡುವ ಪರವಾನಗಿ. ಒಂದು ವರ್ಷದೊಳಗೆ ಬಂದರೆ ಹಳೆಯ ವಾಸದ ಹಕ್ಕು ಹಾಗೇ ಇರುತ್ತದೆ. ವರ್ಷ ದಾಟಿದರೆ ಎಲ್ಲವೂ ತಾನಾಗಿಯೇ ಸತ್ತುಹೋಗುತ್ತದೆ, ಹೊಸದಾಗಿ ಅರ್ಜಿ ಹಾಕಬೇಕು. ಐವತ್ತು ದಾಟಿದ, ದುಡಿಮೆಯಿಲ್ಲದ ಹೆಂಗಸಿಗೆ ಹೊಸದಾಗಿ ಕೊಟ್ಟದ್ದನ್ನು ಪಂಚಾಂಗದವರು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಅವರು ತಾವೇ ಊರಿಗೆ ಹೋಗಿಬಿಡುವ ಹಾಗೂ ಇರಲಿಲ್ಲ. ಇನ್ನು ನಾಲ್ಕು ವರ್ಷ ದುಡಿದರೆ ಪಿಂಚಣಿ. ನಡುವೆ ಬಿಟ್ಟರೆ ಅಷ್ಟು ವರ್ಷದ ಬೆವರೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆದ್ದರಿಂದ ವಿಷಯ ಸ್ಪಷ್ಟವಾಗಿತ್ತು. ಆ ವರ್ಷದೊಳಗೆ ಹೆಂಡತಿ ಬಂದರೆ ಉಂಟು, ಇಲ್ಲವಾದರೆ ನಾಲ್ಕು ವರ್ಷ ಅವರು ಇಲ್ಲಿ, ಆಕೆ ಅಲ್ಲಿ.

ಏರ್‌ಪೋರ್ಟಿನಲ್ಲಿ ಆಕೆ ಕೇಳಿದ್ದಳು, "ಯಾವಾಗ ಬರ್ಲಿ ನಾನು?"

"ಇಪ್ಪತ್ತೊಂದನೇ ತಾರೀಕಿನ ಒಳಗೆ. ಬರೋ ವರ್ಷ ಇದೇ ತಿಂಗಳು" ಎಂದರು ಪಂಚಾಂಗದವರು.

ಆಕೆ ಏನೋ ಕಾದವಳಂತೆ ಅವರ ಮುಖ ನೋಡಿದಳು. ಆಮೇಲೆ, "ಹಾಲು ಫ್ರಿಜ್ಜಲ್ಲಿ ಬಹಳ ದಿನ ಇಡಬೇಡಿ" ಎಂದು ಹೇಳಿ ಒಳಗೆ ಹೋದಳು.

ಮೊದಲ ಮೂರು ತಿಂಗಳು ಸುಲಭವಾಗಿಯೇ ಕಳೆಯಿತು. ಬಾಣಂತನ, ಮಗುವಿನ ನಾಮಕರಣ, ಫೋಟೋ ಮೇಲೆ ಫೋಟೋ. ಆಮೇಲೆ ಮಗುವಿಗೆ ಕೆಮ್ಮು. ಆಮೇಲೆ ಮಗಳು ಮತ್ತೆ ಕೆಲಸಕ್ಕೆ ಸೇರಿದಳು, ಮಗುವನ್ನು ನೋಡಿಕೊಳ್ಳುವವರು ಬೇಕಾಯಿತು. "ಸ್ವಲ್ಪ ತಲೆ ನಿಲ್ಲಿಸಲಿ", "ಸ್ವಲ್ಪ ಕೂತ್ಕೊಳ್ಳೋ ಹಂಗಾಗಲಿ", "ಅಂಬೆಗಾಲು ಇಡೋದು ನೋಡ್ಕೊಂಡು ಬರ್ತೀನಿ" ಎಂದು ಆಕೆ ಹೇಳುತ್ತಾ ಬಂದಳು. ಪಂಚಾಂಗದವರು ಹ್ಞೂಂ ಎನ್ನುತ್ತಾ ಬಂದರು. ಫೋನಿನಲ್ಲಿ ಆಕೆಯ ಹಿಂದೆ ಸದಾ ಗದ್ದಲ, ಬೀಗಿತ್ತಿಯ ನಗು, ಕುಕ್ಕರಿನ ಸೀಟಿ, ಮಗುವಿನ ಕಿರುಚಾಟ. ಆಕೆಯ ದನಿಯೇ ಬೇರೆಯಾಗಿತ್ತು. ಹನ್ನೆರಡು ವರ್ಷ ಕಿಟಕಿಯ ಹತ್ತಿರ ಕೂತು ಸೊರಗಿದ ದನಿ ಈಗ ತುಂಬಿಕೊಂಡಿತ್ತು.

ಇಲ್ಲಿ ಕೋಣೆಯಲ್ಲಿ ಆ ಕುರ್ಚಿ ಕಿಟಕಿಯ ಹತ್ತಿರವೇ ಇತ್ತು. ಪಂಚಾಂಗದವರು ಅದರ ಮೇಲೆ ಒಗೆದ ಬಟ್ಟೆ ಹಾಕತೊಡಗಿದರು. ಒಂದೇ ತಟ್ಟೆ, ಒಂದೇ ಲೋಟ. ಬೆಳಿಗ್ಗೆ ಮಾಡಿದ ಅನ್ನವನ್ನೇ ಸಂಜೆಗೂ ಬಿಸಿ ಮಾಡಿ, ಒಲೆಯ ಮುಂದೆ ನಿಂತೇ ತಿನ್ನುವುದು. ಕೂತು ಉಣ್ಣಲು ಎದುರಿಗೊಬ್ಬರು ಇರಬೇಕು ಎಂಬುದನ್ನು ಅವರು ಐವತ್ತೇಳನೆಯ ವಯಸ್ಸಿನಲ್ಲಿ ಕಂಡುಕೊಂಡರು. ವಾರಕ್ಕೊಮ್ಮೆ, ಶನಿವಾರ ಸಂಜೆ, ಹೆಂಡತಿಯೊಡನೆ ಫೋನಿನಲ್ಲಿ ಮಾತಾಡಿದ ಮೇಲೆ ಸೋಮವಾರ ಬೆಳಗಿನ ನಮಸ್ಕಾರದವರೆಗೆ ಅವರ ಬಾಯಿಯಿಂದ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಒಂದು ಭಾನುವಾರ ತಮಗೆ ಗಂಟಲಿದೆಯೋ ಇಲ್ಲವೋ ಎಂದು ನೋಡಲು ಸುಮ್ಮನೆ ಕೆಮ್ಮಿದರು. ಆಮೇಲೆ ಡ್ರೈವರಿಗೆ ಫೋನ್ ಮಾಡಿ ಅವನ ತಾರೀಕು ಹೇಳಿದರು. "ಅಣ್ಣಾ, ಮೊನ್ನೆ ತಾನೇ ಹೇಳಿದ್ರಲ್ಲ" ಎಂದ ಅವನು. ಹೌದಾ ಎಂದು ಇಟ್ಟುಬಿಟ್ಟರು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿದ್ದಿತಂತೆ. ಪಂಚಾಂಗದವರ ಕಥೆಯೂ ಅದೇ. ಆದರೆ ಅವರು ತಾರೀಕು ಮರೆತು ಬೀಳಲಿಲ್ಲ. ಅದೊಂದನ್ನೇ ನೆನಪಿಟ್ಟುಕೊಂಡು ಬಿದ್ದರು.

ಬಾ ಎನ್ನಲು ಏನಾಗಿತ್ತು ಈ ಮನುಷ್ಯನಿಗೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದದ್ದೇ. ಅವರ ಮನಸ್ಸಿನಲ್ಲಿದ್ದದ್ದು ಇದು. ಕರೆದರೆ ಆಕೆ ಬರುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಗಂಡ ಕರೆದ ಎಂದು ಮೊಮ್ಮಗುವನ್ನು ಕೆಳಗಿಳಿಸಿ, ಕಣ್ಣೊರೆಸಿಕೊಂಡು, ಮತ್ತೆ ಈ ಕೋಣೆಗೆ ಬಂದು ಈ ಕುರ್ಚಿಯಲ್ಲಿ ಕೂರುತ್ತಾಳೆ. ಹಾಗೆ ಬರುವುದು ಬೇಡ. ಅವಳಿಗೆ ಬರಬೇಕು ಅನ್ನಿಸಿದರೆ ಬರಲಿ, ಅವಳಾಗಿಯೇ ಬರಲಿ. ತಾನು ತಾರೀಕು ಮಾತ್ರ ನೆನಪಿಸುತ್ತಿರಬೇಕು. ಬಾಗಿಲು ತೆಗೆದಿದೆ ಎಂದು ತಿಳಿಸುವುದು ತನ್ನ ಕೆಲಸ, ಕೈ ಹಿಡಿದು ಎಳೆಯುವುದಲ್ಲ. ಹೀಗೆ ಯೋಚಿಸಿದ ಮೇಲೆ ತಾವು ದೊಡ್ಡ ಮನಸ್ಸಿನವರು ಎಂದು ಅವರಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದ ಪುಣ್ಯಾತ್ಮನಿಗೆ ಹೆಂಡತಿ ಇರಲಿಲ್ಲವೆಂದು ಕಾಣುತ್ತದೆ.

ಆಕೆ ಹೋದ ಹತ್ತನೆಯ ತಿಂಗಳಲ್ಲಿ ಡ್ರೈವರ್ ಒಮ್ಮೆ ಕೋಣೆಗೆ ಬಂದ. ಪಾಸ್‌ಪೋರ್ಟಿನ ವಿಚಾರ ಕೇಳಲು ಬಂದವನು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದ.

"ಅತ್ತಿಗೆ ಯಾವಾಗ ಬರ್ತಾರಣ್ಣ?"

"ಇನ್ನೆರಡು ತಿಂಗಳಿದೆ, ಇಪ್ಪತ್ತೊಂದಕ್ಕೆ ಮುಗಿಯತ್ತೆ."

"ಮುಗಿಯೋದಲ್ಲ, ಬರೋದು."

"ಅದರೊಳಗೆ ಬರ್ಬೇಕಲ್ಲ."

"ಬರ್ತೀನಿ ಅಂದ್ರಾ?"

ಪಂಚಾಂಗದವರು ಅವನ ಪಾಸ್‌ಪೋರ್ಟಿನ ಹಾಳೆ ತಿರುವುತ್ತಾ ಕೂತರು. ಡ್ರೈವರಿಗೆ ಎಂದೂ ಇಲ್ಲದ ಬುದ್ಧಿ ಅವತ್ತು ಬಂತು, ಮುಂದೆ ಕೇಳಲಿಲ್ಲ. ಹೋಗುವಾಗ ಮಾತ್ರ, "ಆ ದಿನ ಕಾರು ಬೇಕಾದ್ರೆ ಹೇಳಿ, ಸ್ನೇಹಿತನದ್ದು ತರ್ತೀನಿ, ಏರ್‌ಪೋರ್ಟಿಂದ ಕರ್ಕೊಂಡು ಬರೋಣ" ಎಂದ. ಬಸ್ ಇದೆಯಲ್ಲ ಎಂದರು ಪಂಚಾಂಗದವರು.

ಹನ್ನೊಂದನೆಯ ತಿಂಗಳಿಂದ ಅವರು ಪ್ರತಿ ಶನಿವಾರವೂ ತಾರೀಕು ಹೇಳತೊಡಗಿದರು. ಮಗುವಿನ ಮಾತು ಮುಗಿದು, ಮಗಳ ಮಾತು ಮುಗಿದು, ಇನ್ನೇನು ಫೋನ್ ಇಡಬೇಕು ಎನ್ನುವಾಗ, "ಇಪ್ಪತ್ತೊಂದು, ಗುರುವಾರ" ಎನ್ನುವರು. ಆಕೆ "ಗೊತ್ತು ರೀ" ಎನ್ನುವಳು. ಪಂಚಾಂಗದವರು ಫೋನನ್ನು ಕಿವಿಗೆ ಒತ್ತಿ ಹಿಡಿಯುವರು, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ, ಟಿಕೆಟ್ ತಗೊಂಡೆ ಎಂದು ಈಗ ಹೇಳುತ್ತಾಳೆ. ಆಕೆ, "ಸರಿ ಇಡ್ಲಾ?" ಎನ್ನುವಳು.

ಕೊನೆಯ ಶನಿವಾರ ಫೋನ್ ಮಾಡಿದ್ದು ಆಕೆಯೇ. ಹಿಂದೆ ಗದ್ದಲವಿರಲಿಲ್ಲ. ಬೇರೆ ಕೋಣೆಗೆ ಬಂದು ಕೂತಂತಿತ್ತು.

"ಅಲ್ಲಿ ಚಳಿ ಶುರುವಾಯ್ತಾ?"

"ಹ್ಞೂಂ, ಸ್ವಲ್ಪ."

"ದಪ್ಪ ರಗ್ಗು ಬೀರುವಿನ ಮೇಲಿದೆ. ಇಳಿಸಿದ್ರಾ?"

"ಇಳಿಸ್ದೆ" ಎಂದರು. ಇಳಿಸಿರಲಿಲ್ಲ. ಅದನ್ನು ಇಳಿಸಲು ಇಬ್ಬರು ಬೇಕು, ಒಬ್ಬರು ಸ್ಟೂಲು ಹಿಡಿದುಕೊಳ್ಳಲು.

"ಬೆನ್ನುನೋವು?"

"ಇಲ್ಲ. ಏನೂ ತೊಂದರೆ ಇಲ್ಲ."

"ಊಟಕ್ಕೆ ಏನ್ ಮಾಡ್ಕೋತೀರಿ?"

"ಮಾಡ್ಕೋತೀನಿ ಏನೋ ಒಂದು. ತೊಂದರೆ ಏನಿಲ್ಲ."

ಆಕೆ ದನಿ ಇಳಿಸಿ ಕೇಳಿದಳು, "ಒಬ್ರಿಗೇ ಬೇಜಾರಾಗಲ್ವಾ?"

ಇದಕ್ಕಿಂತ ಅಗಲವಾಗಿ ಬಾಗಿಲು ತೆಗೆಯಲು ಯಾವ ಹೆಂಗಸಿಗೂ ಆಗುವುದಿಲ್ಲ. ಆಗುತ್ತೆ ಎಂದುಬಿಟ್ಟರೆ ಅದು ಕರೆದಂತೆಯೇ ಆಯಿತು. ಕರೆದರೆ ಬಂದುಬಿಡುತ್ತಾಳೆ, ಪಾಪ. ಪಂಚಾಂಗದವರು ಹಲ್ಲು ಕಚ್ಚಿ ಹೇಳಿದರು, "ಕೆಲಸ ಇರತ್ತಲ್ಲ. ಹೊತ್ತು ಹೋಗತ್ತೆ."

"ಓ."

"ಇಪ್ಪತ್ತೊಂದು, ಗುರುವಾರ."

"ಹೋದ ವಾರನೂ ಹೇಳಿದ್ರಿ."

"ಜ್ಞಾಪಕ ಇರಲಿ ಅಂತ."

"ಮತ್ತೆ?" ಎಂದಳು ಆಕೆ.

ನಮ್ಮ ಜನ ಫೋನಿನಲ್ಲಿ ಮತ್ತೆ ಎನ್ನುವುದು ಸಾಮಾನ್ಯವಾಗಿ ಮಾತು ಮುಗಿಸುವುದಕ್ಕೆ. ಅವತ್ತು ಆಕೆ ಅದನ್ನು ಹೇಳಿ ಕಾದಳು. ಪಂಚಾಂಗದವರು ಕೂಡ ಕಾದರು.

"ಮತ್ತೇನಿಲ್ಲ" ಎಂದರು ಕೊನೆಗೆ. "ಮಗು ಹುಷಾರು."

ಆದರೂ ಆಸೆ ಎನ್ನುವುದು ಕೆಟ್ಟದ್ದು. ಸೋಮವಾರದಿಂದ ಅವರಿಗೆ ಒಂದೇ ಯೋಚನೆ. ಆಕೆ ಬರುವುದಿಲ್ಲ ಎಂದೇನೂ ಹೇಳಲಿಲ್ಲವಲ್ಲ. ಚಳಿ ಕೇಳಿದಳು, ರಗ್ಗು ಕೇಳಿದಳು. ಬರುವವಳಲ್ಲದಿದ್ದರೆ ಅದೆಲ್ಲ ಏಕೆ ಕೇಳಬೇಕು? ಹೇಳದೆ ಬಂದು ಬೆರಗುಗೊಳಿಸುವ ಉಪಾಯವಿರಬೇಕು, ಮಗಳ ಕಿತಾಪತಿ ಇದ್ದರೂ ಇರಬಹುದು. ಬುಧವಾರ ಸಂಜೆ ಅವರು ಕೋಣೆ ಗುಡಿಸಿ ಒರೆಸಿದರು. ಕುರ್ಚಿಯ ಮೇಲಿನ ಬಟ್ಟೆ ತೆಗೆದು ಮಡಿಸಿಟ್ಟರು. ಗೋಡೆಗೆ ಒಂದು ಕೈ ಕೊಟ್ಟು, ಸ್ಟೂಲು ಹತ್ತಿ, ರಗ್ಗು ಇಳಿಸಿದರು. ಎರಡು ದಿನಕ್ಕಾಗುವಷ್ಟು ತರಕಾರಿ ತಂದರು, ಆಕೆಗೆ ಇಷ್ಟವಾದದ್ದೇ ನೋಡಿ. ಗುರುವಾರಕ್ಕೆ ರಜೆ ಕೇಳಿದಾಗ ಲ್ಯಾಬಿನ ಯಜಮಾನರು ಕಾರಣ ಕೇಳಿದರು. "ಮನೆಯವರು ಬರಬಹುದು" ಎಂದರು. ಆ ದೇಶದ ಭಾಷೆಯಲ್ಲಿ 'ಬರುತ್ತಾರೆ' ಎನ್ನುವುದು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಬಾಯಿಗೆ ಬಂದದ್ದು 'ಬರಬಹುದು'.

ಊರಿನ ಕಡೆಯಿಂದ ಬರುವ ವಿಮಾನ ದಿನಕ್ಕೊಂದೇ, ಮಧ್ಯಾಹ್ನದ ಹೊತ್ತಿಗೆ ಇಳಿಯುವುದು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಂಚಾಂಗದವರು ಬೇಗನೇ ಹೋಗಿ ಕಂಬಿ ಹಿಡಿದು ನಿಂತರು. ಸುತ್ತಲೂ ಹೆಸರಿನ ಹಲಗೆ ಹಿಡಿದ ಟ್ಯಾಕ್ಸಿಯವರು, ಹೂವು ಹಿಡಿದವರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರು. ಗಾಜಿನ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ತೆರೆದಾಗಲೆಲ್ಲ ಪಂಚಾಂಗದವರು ಕತ್ತು ಉದ್ದ ಮಾಡುತ್ತಿದ್ದರು. ಹಗ್ಗ ಬಿಗಿದ ಪೆಟ್ಟಿಗೆಗಳು ಬರತೊಡಗಿದವು. ಊರಿನ ವಿಮಾನ ಇಳಿದಿದೆ ಎಂದು ಅದರಿಂದಲೇ ತಿಳಿಯಿತು. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಒಬ್ಬ ಹೆಂಗಸು, ಹೆಂಡತಿಯ ಹಾಗೆಯೇ ಒಂದು ಕಾಲು ಸ್ವಲ್ಪ ಎಳೆಯುತ್ತಾ, ತಳ್ಳುಗಾಡಿಯ ಹಿಂದೆ ಬಂದಳು. ಪಂಚಾಂಗದವರು ಕಂಬಿಯಿಂದ ಕೈ ತೆಗೆದು ಎರಡು ಹೆಜ್ಜೆ ಮುಂದಿಟ್ಟರು. ಯಾರದೋ ತಾಯಿ. ಮಗ ಓಡಿಬಂದು ಕಾಲಿಗೆ ಬಿದ್ದ.

ಜನ ತೆಳುವಾದರು. ಟ್ಯಾಕ್ಸಿಯವರು ಹಲಗೆ ಮಡಿಸಿಕೊಂಡು ಹೋದರು. ಕೊನೆಗೆ ವಿಮಾನದ ಸಿಬ್ಬಂದಿ, ಒಂದೇ ಬಗೆಯ ಪುಟ್ಟ ಪೆಟ್ಟಿಗೆ ಎಳೆಯುತ್ತಾ, ಏನೋ ಹೇಳಿಕೊಂಡು ನಗುತ್ತಾ ಹೊರಬಂದರು. ಅವರು ಬಂದರೆಂದರೆ ಒಳಗೆ ಇನ್ನು ಯಾರೂ ಇಲ್ಲ ಎಂದು ಪಂಚಾಂಗದವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಹಳ ಹೊತ್ತು ನಿಂತರು. ಬಾಗಿಲು ಒಮ್ಮೆ ತೆರೆಯಿತು, ನೆಲ ಒರೆಸುವವನು ಬಕೆಟ್ಟು ತಳ್ಳಿಕೊಂಡು ಬಂದ. ಇವರು ಅವನಿಗೆ ದಾರಿ ಬಿಟ್ಟು ಬೆಂಚಿನ ಮೇಲೆ ಕೂತರು. ಅಷ್ಟು ದೊಡ್ಡ ಕಟ್ಟಡದಲ್ಲಿ ತನ್ನನ್ನು ಕಾಯುವವರೂ ಇಲ್ಲ, ತಾನು ಕಾಯುವವರೂ ಇಲ್ಲ ಎಂದು ಅವರಿಗೆ ಮೊದಲ ಸಲ ಭಯವಾಯಿತು. ಆಸ್ಪತ್ರೆಯಲ್ಲಿ ಆಗುವಂಥ ಭಯ. ಸಂಜೆಯಾಗುತ್ತಿತ್ತು. ಅವರು ಫೋನ್ ಮಾಡಿದರು.

"ಏನು ಇವತ್ತು ಮಾಡಿದ್ರಿ?" ಎಂದಳು ಆಕೆ. "ಅದೇನು ಸದ್ದು? ಎಲ್ಲಿದ್ದೀರಿ?"

"ಏರ್‌ಪೋರ್ಟಲ್ಲಿ."

"ಯಾರು ಬರ್ತಿದ್ದಾರೆ?"

ಡ್ರೈವರ್ ಕಡೆಯವರು ಯಾರೋ ಎನ್ನುವ ಸುಳ್ಳು ನಾಲಿಗೆಯವರೆಗೂ ಬಂದಿತ್ತು. ಅದನ್ನು ಹೇಳುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

"ನೀನು ಬರ್ತೀಯೇನೋ ಅಂದ್ಕೊಂಡೆ."

ಆ ಕಡೆ ಮಗುವನ್ನು ಯಾರಿಗೋ ಕೊಟ್ಟದ್ದು, ಬಾಗಿಲು ಹಾಕಿಕೊಂಡದ್ದು ಕೇಳಿಸಿತು.

"ಎಷ್ಟು ಹೊತ್ತಾಯ್ತು ಬಂದು?"

"ಮಧ್ಯಾಹ್ನ ಬಂದೆ."

"ಊಟ?"

"ಇಲ್ಲ."

ಆಕೆ ಮೂಗೆಳೆದುಕೊಂಡದ್ದು ಕೇಳಿಸಿತು. "ನನ್ನ ಬ್ಯಾಗು ಮಂಚದ ಕೆಳಗಿದೆ ರೀ. ತುಂಬಿಟ್ಟು ಎರಡು ವಾರ ಆಯ್ತು. ಅಳಿಯಂದ್ರು ದಿನಾ ಕೇಳೋರು, ಅತ್ತೆ, ಟಿಕೆಟ್ ತಗೊಳ್ಲಾ, ಸೀಟ್ ಮುಗಿದುಹೋಗತ್ತೆ ಅಂತ. ತಡೀರಿ, ಅವರು ಕರೀಲಿ ಅಂತಿದ್ದೆ. ಶನಿವಾರ ಬೇಕು ಅಂತ್ಲೇ ಒಬ್ಳೇ ಕೂತು ಫೋನ್ ಮಾಡ್ದೆ. ಆಮೇಲೆ ಮಗಳು ಬಂದು, ಅಪ್ಪ ಏನಂದ್ರಮ್ಮ ಅಂದ್ಲು. ತೊಂದರೆ ಇಲ್ವಂತೆ, ಹೊತ್ತು ಹೋಗತ್ತಂತೆ ಅಂದೆ."

"ತಾರೀಕು ಹೇಳಿದ್ನಲ್ಲ" ಎಂದರು ಪಂಚಾಂಗದವರು. ತಮ್ಮ ದನಿ ತಮಗೇ ಮಗುವಿನ ದನಿಯಂತೆ ಕೇಳಿಸಿತು. "ವಾರ ವಾರ ಹೇಳಿದ್ನಲ್ಲ."

"ತಾರೀಕು ಡ್ರೈವರಿಗೂ ಹೇಳ್ತೀರಿ."

ಆಕೆ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ತಡೆ‌ದುಕೊಳ್ಳಬಹುದಿತ್ತು. ಪಂಚಾಂಗದವರು ಒಂದು ಕೈಯಿಂದ ಮುಖ ಮುಚ್ಚಿಕೊಂಡರು. ನೆಲ ಒರೆಸುವವನು ಅವರ ಕಾಲಿನ ಹತ್ತಿರ ಬಂದು, ನೋಡಿ, ಆ ಜಾಗ ಬಿಟ್ಟು ಮುಂದೆ ಒರೆಸಿದ.

"ಬಾ" ಎಂದರು.

"ಏನಂದ್ರಿ?"

"ಬಾ ಅಂದೆ. ನನಗೆ ಒಬ್ಬನಿಗೆ ಆಗ್ತಿಲ್ಲ."

ಆಕೆ ಅತ್ತಳು. ಅಳುತ್ತಲೇ ಹೇಳಿದಳು, "ಹೆಂಗೆ ಬರ್ಲಿ ಈಗ? ಇವತ್ತಿಗೆ ಮುಗೀತಲ್ಲ."

ಅಲ್ಲಿಂದ ಇಲ್ಲಿಗೆ ಬರಲು ಒಂದು ಇಡೀ ರಾತ್ರಿ ಮತ್ತು ಅರ್ಧ ಹಗಲು ಬೇಕೆಂದು ಪಂಚಾಂಗದವರಿಗಿಂತ ಚೆನ್ನಾಗಿ ಬಲ್ಲವರು ಆ ಪಟ್ಟಣದಲ್ಲಿ ಇರಲಿಲ್ಲ.

"ರಾತ್ರಿ ಹನ್ನೆರಡರವರೆಗೂ ಇದೆ" ಎಂದರು.

"ಹೌದಲ್ವಾ" ಎಂದಳು ಆಕೆ. "ಹನ್ನೆರಡರವರೆಗೂ ಇದೆ."

ಇಬ್ಬರೂ ಫೋನ್ ಇಡಲಿಲ್ಲ.